ಆರುನೂರ ಹದಿನಾಲ್ಕನೆಯ ಗೆರೆ

ಮೂವತ್ತಮೂರು ವರ್ಷ ನಾನು ಗೋಣಿಕೊಪ್ಪಲಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿದೆ. ಅಷ್ಟೂ ವರ್ಷ ನನ್ನದು ಒಂದೇ ಕಾನೂನು. ತಪ್ಪು ಲೆಕ್ಕ ಇರುವ ಪುಟ ಪುಸ್ತಕದಲ್ಲಿ ಉಳಿಯಕೂಡದು. ಅಡ್ಡಗೀಟು ಹಾಕುವುದು, ಕೆಂಪು ಶಾಯಿಯಲ್ಲಿ ತಿದ್ದುವುದು, ಇವೆಲ್ಲ ಸೋಮಾರಿ ಮೇಷ್ಟ್ರುಗಳ ಕೆಲಸ. ನಾನು ಹಾಳೆಯನ್ನೇ ಹರಿಯುತ್ತಿದ್ದೆ. ಹರಿದು, ಲೆಕ್ಕ ಮಾಡಿದವರ ಕೈಗೇ ಕೊಟ್ಟು, ಎಲ್ಲರೆದುರು ಕಸದ ಬುಟ್ಟಿಗೆ ಹಾಕಿಸುತ್ತಿದ್ದೆ. ವರ್ಷದ ಕೊನೆಗೆ ಕೆಲವರ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅರುವತ್ತು ಪುಟ ಉಳಿದಿರುತ್ತಿತ್ತು. ಸುಮಿತಾಳ ಪುಸ್ತಕದಲ್ಲಿ ನೂರ ತೊಂಬತ್ತೆಂಟು ಉಳಿದಿತ್ತು. ಹರಿದದ್ದು ಒಂದೇ ಹಾಳೆ. ಅದು ಯಾವ ಲೆಕ್ಕ ಎಂದು ನನಗೆ ನೆನಪಿಲ್ಲ, ಅವಳಿಗೆ ಇದೆ.

ಸುಮಿತಾ ಹುದಿಕೇರಿಯ ಕಡೆಯ ಒಂದು ಎಸ್ಟೇಟಿನ ಲೈನಿನವಳು, ಕೂಲಿಯಾಳುಗಳ ಸಾಲುಮನೆಯವಳು. ಅಪ್ಪ ಮಾದ, ಅಮ್ಮ ಕೆಂಚಿ, ಇಬ್ಬರೂ ಅಲ್ಲೇ ಕೆಲಸಕ್ಕಿದ್ದವರು. ಪಿಯುಸಿ ಮುಗಿಸಿದ ಮೇಲೆ ಇವಳೂ ಅದೇ ಎಸ್ಟೇಟಿನ ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಲು ಸೇರಿದಳು. ಅಷ್ಟು ಬುದ್ಧಿ ಇದ್ದ ಹುಡುಗಿ ಮಣ್ಣು ತುಂಬುತ್ತಾಳೆಂದು ಕೇಳಿದಾಗ ನನಗೆ ಬೇಸರವಾಗಿತ್ತು. ಎರಡು ದಿನ ಆ ಬೇಸರ ಇತ್ತು, ಆಮೇಲೆ ಮರೆತೆ.

ಆರು ವರ್ಷದ ಹಿಂದೆ ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಓಡಿ ಬಂದು ನಿಲ್ಲಿಸಿದಳು. ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿಕೊಂಡಿದ್ದಳು. ನಾನು ನಿವೃತ್ತನಾಗಿ ಆಗಲೇ ಏಳೆಂಟು ವರ್ಷವಾಗಿತ್ತು. ಹಳೆಯ ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಣಿತ ಕೇಳುವುದು ಹಾಗಿರಲಿ, ನಮಸ್ಕಾರ ಹೇಳುವುದನ್ನೇ ಬಿಟ್ಟಿದ್ದರು.

“ಸಾರ್, ಗಡಿಯಾರದಲ್ಲಿ ಅರುವತ್ತು ಗೀಟು ಉಂಟಲ್ಲ” ಎಂದಳು. “ಒಂದರಿಂದ ಎರಡಕ್ಕೆ ಗೆರೆ ಎಳೆದೆ, ಎರಡರಿಂದ ನಾಲ್ಕಕ್ಕೆ, ಮೂರರಿಂದ ಆರಕ್ಕೆ. ಹಾಗೆ ಎಲ್ಲದರಿಂದ ಅದರ ಎರಡರಷ್ಟಕ್ಕೆ. ಅರುವತ್ತು ದಾಟಿದ್ರೆ ಪುನಃ ಸುತ್ತು ಬರುವುದು. ಇದೆಂತ ಆದದ್ದು ನೋಡಿ ಸಾರ್.”

ಹಾಳೆ ಬಿಡಿಸಿದಳು. ಎಲ್ಲವೂ ಅಡಿಪಟ್ಟಿಯಿಟ್ಟು ಎಳೆದ ನೇರ ಗೆರೆಗಳೇ. ಒಂದು ಕಡೆಯೂ ಬಾಗಿದ ಗೆರೆ ಇಲ್ಲ. ಆದರೆ ಆ ನೇರ ಗೆರೆಗಳ ನಡುವೆ, ಯಾರೂ ಬಿಡಿಸದೆ, ಒಂದು ಕೆಸುವಿನ ಎಲೆ ಮೂಡಿತ್ತು. ತೊಟ್ಟು ಸೇರುವ ಜಾಗದ ಕಚ್ಚು ಕೂಡ ಇತ್ತು.

ಇದು ಶೇಷದ ಲೆಕ್ಕ, ಇದಕ್ಕೊಂದು ದೊಡ್ಡ ಶಾಸ್ತ್ರವೇ ಇದೆ, ಎರಡರ ಬದಲು ಮೂರರಿಂದ ಗುಣಿಸಿದರೆ ಎರಡು ಎಲೆ ಬರುತ್ತದೆ, ನಾಲ್ಕರಿಂದ ಗುಣಿಸಿದರೆ ಮೂರು, ಎಂದು ನಾನು ಅಲ್ಲೇ ನಿಂತು ಹೇಳಿದೆ. ಅವಳು ಬಾಯಿಬಿಟ್ಟುಕೊಂಡು ಕೇಳಿದಳು. ನಿಯಮ ಕೊಟ್ಟವನು ನಾನು ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಅವಳ ಹತ್ತಿರ ಇದ್ದದ್ದು ಒಂದು ಕ್ಯಾಲೆಂಡರ್ ಹಾಳೆ ಅಷ್ಟೆ. ಅದು ಏನು ಎಂದು ಹೇಳಿದವನು ನಾನು.

ಲೈನ್‌ಮನೆಯಲ್ಲಿ ಮೇಜಿಲ್ಲ. ಹಾಗಾಗಿ ಭಾನುವಾರ ನಮ್ಮ ಮನೆಗೆ ಬಂದು ಬಿಡಿಸು ಎಂದೆ. ನಮ್ಮ ಮನೆ ಹುದಿಕೇರಿ ರಸ್ತೆಯಲ್ಲೇ ಇದೆ. ಜಗಲಿಯಲ್ಲಿ ನಾನು ಮನೆಪಾಠ ಹೇಳುತ್ತಿದ್ದ ಕಾಲದ ಉದ್ದ ಮೇಜು ಇತ್ತು, ಅದನ್ನು ಅವಳಿಗೆ ಬಿಟ್ಟುಕೊಟ್ಟೆ. ಒಳಗೆ ಕರೆದಿಲ್ಲ ಎಂಬುದು ನಿಜ. ನಮ್ಮಪ್ಪ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು, ಮನೆಗೆ ಅದರದ್ದೇ ಒಂದು ರೀತಿ ಇದೆ. ಅಲ್ಲದೆ ಜಗಲಿಯಲ್ಲಿ ಬೆಳಕು ಚೆನ್ನಾಗಿದೆ. ನನ್ನ ಹೆಂಡತಿ ಗೋಮತಿ ಅವಳಿಗೆ ಸ್ಟೀಲಿನ ಲೋಟದಲ್ಲಿ ಕಾಫಿ ಕೊಡುತ್ತಿದ್ದಳು. ಕುಡಿದಾದ ಮೇಲೆ ಸುಮಿತಾ ಅದನ್ನು ಹೊರಗಿನ ನಲ್ಲಿಯಲ್ಲಿ ತೊಳೆದು ಕಿಟಕಿಯ ಹಲಗೆಯ ಮೇಲೆ ಬೋರಲು ಹಾಕುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿದ್ದಲ್ಲ.

ಅವಳು ಕೆಲಸ ಮಾಡುವುದನ್ನು ನೋಡಲು ತಾಳ್ಮೆ ಬೇಕು. ಮೊದಲು ದೊಡ್ಡ ವೃತ್ತ. ಅದರ ಅಂಚಿನಲ್ಲಿ ಬಿಂದುಗಳು, ಒಂದೊಂದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಅಂಕಿ. ಆಮೇಲೆ ಶಾಯಿಯಲ್ಲಿ ಅದ್ದುವ ನಿಬ್ಬು, ಮತ್ತು ಅವಳ ಅಣ್ಣ ಜಯಪ್ರಕಾಶ ಗಾರೆ ಕೆಲಸಕ್ಕೆ ಬಳಸುತ್ತಿದ್ದ ಅಲ್ಯುಮಿನಿಯಂ ಪಟ್ಟಿ. ತಿದ್ದಲು ಬರುವುದಿಲ್ಲ, ಅಳಿಸಲು ಬರುವುದಿಲ್ಲ. ಒಂದು ಗೆರೆ ಎಳೆದು ಒಣಗುವವರೆಗೆ ಕಾಯಬೇಕು. ಒಂದು ಭಾನುವಾರಕ್ಕೆ ಮೂವತ್ತನಾಲ್ಕು ಮೂವತ್ತೈದು ಗೆರೆ. ಅದರ ಮೇಲೆ ಕೈ ನಡುಗುತ್ತದೆ ಎಂದು ಅವಳೇ ನಿಲ್ಲಿಸುತ್ತಿದ್ದಳು. ಇದನ್ನೆಲ್ಲ ಕಂಪ್ಯೂಟರು ಒಂದು ಕ್ಷಣದಲ್ಲಿ ಮಾಡುತ್ತದೆ ಎಂದು ಒಮ್ಮೆ ಹೇಳಿದೆ. “ಮಾಡ್ಲಿ ಸಾರ್” ಎಂದಳು, ನಿಬ್ಬು ಒರೆಸುತ್ತ.

ಚಿತ್ರ ಮುಗಿದ ಮೇಲೆ ನನ್ನ ಕೆಲಸ. ಎಳೆದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ ಎಂದು ಶಾಲೆಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ಅವಳು ಅದನ್ನು ಮರೆತಿರಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದಳು. ನಾನು ಭೂತಗನ್ನಡಿ ಹಿಡಿದು ಮೂರು ನಾಲ್ಕು ದಿನ ಒಂದೊಂದು ಗೆರೆಯನ್ನೂ ತಾಳೆ ನೋಡುತ್ತಿದ್ದೆ. ಎಲ್ಲ ಸರಿ ಇದ್ದರೆ ಅಂಚಿನ ಪೆನ್ಸಿಲ್ ಅಂಕಿಗಳನ್ನು ರಬ್ಬರಿನಿಂದ ಅಳಿಸಿ, ಹಾಳೆಯ ಬೆನ್ನಿಗೆ ‘ಸರಿ’ ಎಂದು ಬರೆದು, ಸಹಿ ಮಾಡಿ, ದಿನಾಂಕ ಹಾಕುತ್ತಿದ್ದೆ. ನನ್ನ ‘ಸರಿ’ ಬೀಳದ ಹಾಳೆಯನ್ನು ಅವಳು ತನ್ನದೆಂದು ಯಾರಿಗೂ ತೋರಿಸುತ್ತಿರಲಿಲ್ಲ. ಮೊದಲ ವರ್ಷ ಎರಡರಲ್ಲಿ ತಪ್ಪು ಹಿಡಿದೆ. ಎರಡನ್ನೂ ಅವಳೇ ಹರಿದು ಹಿತ್ತಿಲಿನ ನೀರೊಲೆಗೆ ಹಾಕಿದಳು. ತಿದ್ದಿ ಇಟ್ಟುಕೊಳ್ಳಲೇ ಎಂದು ಕೇಳಲೂ ಇಲ್ಲ. ನನ್ನ ಕಾನೂನನ್ನು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಅವಳೊಬ್ಬಳೇ.

ಆ ಚಿತ್ರಗಳನ್ನು ಕಾಲೇಜಿನ ವಿಜ್ಞಾನ ದಿನಕ್ಕೆ ಕೊಡಿಸಿದವನೂ ನಾನೇ. ಅಲ್ಲಿ ನೋಡಿ ತನ್ಮಯೀ ಬಂದಳು. ನಮ್ಮ ದೂರದ ನೆಂಟರ ಪೈಕಿ, ಮಡಿಕೇರಿಯಲ್ಲಿ ಒಂದು ಹಳೆಯ ಮನೆಯ ಮಹಡಿಯಲ್ಲಿ ಚಿತ್ರಪ್ರದರ್ಶನ ನಡೆಸುತ್ತಾಳೆ. ಫೆಬ್ರವರಿಯಲ್ಲಿ ಸುಮಿತಾಳದ್ದೇ ಒಂದು ಪ್ರದರ್ಶನ ಮಾಡೋಣ, ಸಣ್ಣವು ಒಂಬತ್ತು ಇವೆ, ನಡುವಿನ ಗೋಡೆಗೆ ಒಂದು ದೊಡ್ಡದು ಬೇಕು ಎಂದಳು. ದೊಡ್ಡದು ಆಗಲೇ ಮೇಜಿನ ಮೇಲಿತ್ತು. ಸಾವಿರದ ಒಂಬತ್ತು ಬಿಂದು, ಏಳರಿಂದ ಗುಣಾಕಾರ, ಆರು ಎಲೆ. ಸೊನ್ನೆಯ ಬಿಂದುವಿಗೆ ಗೆರೆಯಿಲ್ಲ, ಅದನ್ನು ಬಿಟ್ಟರೆ ಸಾವಿರದ ಎಂಟು ಗೆರೆ. ಸಾವಿರದ ಒಂಬತ್ತು ಅವಿಭಾಜ್ಯ ಸಂಖ್ಯೆ, ಹಾಗಾಗಿ ಒಂದು ಗೆರೆಯ ಮೇಲೆ ಇನ್ನೊಂದು ಬೀಳುವುದಿಲ್ಲ. ಆ ಸಂಖ್ಯೆಯನ್ನು ಆರಿಸಿಕೊಟ್ಟದ್ದು ನಾನು. ಇದನ್ನು ಒತ್ತಿ ಹೇಳುತ್ತೇನೆ.

ತನ್ಮಯೀ ಜಗಲಿಯ ಕುರ್ಚಿಯಲ್ಲಿ ಕೂತು ಗೋಡೆಗೆ ಹಾಕುವ ಚೀಟಿಯನ್ನು ಬರೆದುಕೊಂಡಳು. ಓದಿ ಹೇಳಿದಳು: ಸುಮಿತಾ, ಹುದಿಕೇರಿ. ಕಾಗದದ ಮೇಲೆ ಶಾಯಿ.

“ಮತ್ತೆ ಲೆಕ್ಕ ಕೊಟ್ಟವರ ಹೆಸರು?” ಎಂದೆ. ನಗುತ್ತಲೇ ಕೇಳಿದೆ.

“ಗಣಿತ ಯಾರ ಸ್ವಂತದ್ದೂ ಅಲ್ವಲ್ಲ ಮಾವ” ಎಂದು ಅವಳೂ ನಕ್ಕಳು. “ಬೇಕಿದ್ರೆ ಕೊನೆಯಲ್ಲಿ ಕೃತಜ್ಞತೆ ಅಂತ ಒಂದು ಪಟ್ಟಿ ಹಾಕ್ತೇವೆ. ಕಟ್ಟು ಹಾಕಿದವರು, ಲೈಟ್ ಹಾಕಿದವರು ಎಲ್ಲ ಇರ್ತಾರೆ ಅದರಲ್ಲಿ.”

ಅವಳು ಹೋದ ಮೇಲೆ ನಾನು ಸುಮಿತಾಳನ್ನು ಕೇಳಿದೆ. ಬೇಡಿದೆ ಎಂದೇ ಹೇಳಬೇಕು. ಎಪ್ಪತ್ತೆರಡು ವರ್ಷದ ನಾನು, ನರ್ಸರಿಯಲ್ಲಿ ಮಣ್ಣು ತುಂಬುವವಳ ಮುಂದೆ ನಿಂತು, ದೊಡ್ಡ ಚಿತ್ರಕ್ಕಾದರೂ ನನ್ನ ಹೆಸರು ಸೇರಿಸಲು ಹೇಳು, ನಿನ್ನ ಹೆಸರಿನ ಕೆಳಗೇ ಇರಲಿ, ಎಂದೆ. ನನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ. ಮೂವತ್ತಮೂರು ವರ್ಷ ಬೋರ್ಡಿನ ಮೇಲೆ ಬರೆದೆ, ಬರೆದದ್ದೆಲ್ಲ ಪ್ರತಿ ಗಂಟೆಗೂ ಒರೆಸಿಹೋಯಿತು. ಇದೊಂದು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು.

ಅವಳು ಪಟ್ಟಿ ಕೆಳಗಿಟ್ಟಳು. ಗರ್ವ ಏನೂ ಇರಲಿಲ್ಲ ಮಾತಿನಲ್ಲಿ.

“ಗೆರೆ ಎಳೆದದ್ದು ನಾನಲ್ವಾ ಸಾರ್” ಎಂದಳು. “ಬೆನ್ನಿಗೆ ನಿಮ್ಮ ಸಹಿ ಇದ್ದೇ ಇರ್ತದಲ್ಲ.”

ಬೆನ್ನಿಗೆ. ಗೋಡೆಯ ಕಡೆಗೆ ಮುಖ ಮಾಡಿಕೊಂಡು. ನಾನು ಸರಿ ಎಂದು ತಲೆಯಾಡಿಸಿ ಒಳಗೆ ಹೋದೆ.

ಈಗ ಇನ್ನೊಂದು ವಿಷಯ ಹೇಳಲೇಬೇಕು. ನನಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕುರುಡನಲ್ಲ. ಯಾವುದನ್ನು ನೇರವಾಗಿ ನೋಡುತ್ತೇನೋ ಅದು ಅಳಿಸಿಹೋಗುತ್ತದೆ, ಅದರ ಸುತ್ತಲಿನದು ಮಸುಕಾಗಿ ಕಾಣುತ್ತದೆ. ಮೈಸೂರಿನ ಡಾಕ್ಟರು ಕಣ್ಣಿನ ಒಳಪರದೆಯ ನಡುವೆಯೇ ಸವೆದಿದೆ, ಕನ್ನಡಕದಿಂದಾಗಲಿ ಆಪರೇಷನ್ನಿನಿಂದಾಗಲಿ ಆಗುವಂಥದ್ದಲ್ಲ ಎಂದರು. ಇದಾಗಿ ಎರಡು ವರ್ಷ. ಗೋಮತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನಡೆದಾಡಲು ತೊಂದರೆಯಿಲ್ಲ, ಮೆಟ್ಟಿಲು ಮಾತ್ರ ಮೋಸ ಮಾಡುತ್ತದೆ. ಹೊರಗೆ ಹೋದಾಗ ಎಷ್ಟು ಮೆಟ್ಟಿಲು ಎಂದು ಗೋಮತಿ ಪಕ್ಕದಲ್ಲಿ ಮೆಲ್ಲಗೆ ಹೇಳುತ್ತಾಳೆ, ನಾನು ಮನಸ್ಸಿನಲ್ಲೇ ಎಣಿಸಿಕೊಂಡು ನೆಟ್ಟಗೆ ಇಳಿಯುತ್ತೇನೆ. ಒಬ್ಬರಿಗೂ ತಿಳಿಯುವುದಿಲ್ಲ.

ಅಂದರೆ ಎರಡು ವರ್ಷದಿಂದ ನಾನು ಸುಮಿತಾಳ ಹಾಳೆಗಳನ್ನು ನೋಡದೆಯೇ ‘ಸರಿ’ ಬರೆಯುತ್ತಿದ್ದೆ. ಭೂತಗನ್ನಡಿ ಹಿಡಿದು ಮೂರು ದಿನ ಕೂರುತ್ತಿದ್ದೆ, ಬಾಯಲ್ಲಿ ಮಗ್ಗಿ ಹೇಳುತ್ತಿದ್ದೆ, ಆಮೇಲೆ ಸಹಿ ಮಾಡುತ್ತಿದ್ದೆ. ಅವಳು ತಪ್ಪು ಮಾಡುವವಳಲ್ಲ ಎಂದು ಗೊತ್ತಿದ್ದರಿಂದ ಮನಸ್ಸಿಗೆ ಚುಚ್ಚಲೂ ಇಲ್ಲ.

ದೊಡ್ಡ ಚಿತ್ರ ಏಳು ತಿಂಗಳು ಹಿಡಿಯಿತು. ನವೆಂಬರಿನ ಕೊನೆಯ ಭಾನುವಾರ ಕೊನೆಯ ಗೆರೆ ಎಳೆದಳು. ತನ್ಮಯೀ ಆ ದಿನವೇ ಬಂದು, ಪ್ರಚಾರದ ಕಾಗದಕ್ಕೆ ಬೇಕೆಂದು, ಅಂಕಿಗಳು ಇದ್ದ ಹಾಗೆಯೇ ಫೋಟೋ ತೆಗೆದುಕೊಂಡು ಹೋದಳು. ನಾನು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಒಂದು ವಾರ ಹಾಳೆ ನನ್ನ ಹತ್ತಿರ ಇತ್ತು. ನಾಲ್ಕು ಅಡಿಗೂ ಮೀರಿದ ವೃತ್ತ, ನನಗೆ ಕಂಡದ್ದು ಒಂದು ಬೂದು ಬಣ್ಣದ ಮೋಡ. ಪ್ರತಿದಿನ ಅದರ ಮುಂದೆ ಕೂತೆ. ಕೊನೆಯ ದಿನ ರಬ್ಬರು ತೆಗೆದುಕೊಂಡು ಅಂಚಿನ ಸುತ್ತ ಕೈಯಾಡಿಸುತ್ತ ಅಂಕಿಗಳನ್ನೆಲ್ಲ ಅಳಿಸಿದೆ. ಬೆನ್ನಿಗೆ ಏನೂ ಬರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸುಮಿತಾ ಬಂದಳು. ಕಾಫಿ ಕುಯ್ಲು ಶುರುವಾಗುವ ಮೊದಲೇ ಮುಗಿಯಿತೆಂದು ಖುಷಿಯಲ್ಲಿದ್ದಳು.

“ಆರುನೂರ ಹದಿನಾಲ್ಕು” ಎಂದೆ.

“ಎಂತ ಸಾರ್?”

“ಏಳು ಪಟ್ಟು ಮಾಡು.”

ಅವಳ ತಲೆಯಲ್ಲಿ ಲೆಕ್ಕ ನಡೆಯಲು ಎರಡು ಕ್ಷಣವೂ ಬೇಕಾಗಲಿಲ್ಲ. “ನಾಲ್ಕು ಸಾವಿರದ ಇನ್ನೂರ ತೊಂಬತ್ತೆಂಟು. ನಾಲ್ಕು ಸುತ್ತು ಕಳೆದ್ರೆ ಇನ್ನೂರ ಅರುವತ್ತೆರಡು.”

“ನೀನು ಅರುವತ್ತಮೂರಕ್ಕೆ ಎಳೆದಿದ್ದೀಯ.”

ನನ್ನ ಲೆಕ್ಕಾಚಾರ ಏನಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅವಳು ಅಳುತ್ತಾಳೆ, ಇನ್ನೊಮ್ಮೆ ನೋಡಿ ಸಾರ್ ಎಂದು ಕಾಲು ಹಿಡಿಯುತ್ತಾಳೆ. ನಾನು ನೋಡುತ್ತೇನೆ ಎನ್ನುತ್ತೇನೆ. ನೋಡಿ, ನನ್ನದೇ ತಪ್ಪಿರಬಹುದು ಎನ್ನುತ್ತೇನೆ. ಆಮೇಲೆ ಹೆಸರಿನ ಮಾತು ತೆಗೆಯುತ್ತೇನೆ. ಅವಳ ಏಳು ತಿಂಗಳು ನನ್ನ ಒಂದು ಶಬ್ದದ ಮೇಲೆ ನಿಂತಿದೆ ಎಂಬುದು ಅವಳಿಗೆ ಒಮ್ಮೆ ತಿಳಿಯಲಿ ಎಂಬುದಷ್ಟೇ ನನಗೆ ಬೇಕಾಗಿತ್ತು.

ಅವಳು ಅಳಲಿಲ್ಲ. ಹಾಳೆಯ ಮೇಲೆ ಬಗ್ಗಿ ಅಂಚನ್ನು ನೋಡಿದಳು. “ಅಂಕಿ ಅಳಿಸಿದ್ರಾ ಸಾರ್?”

“ತಪ್ಪು ಸಿಕ್ಕಿದ ಮೇಲೆ ಅಂಕಿ ಯಾಕೆ?”

“ಅದೂ ಹೌದು” ಎಂದಳು. ಆಮೇಲೆ ಹಾಳೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಜಗಲಿ ಇಳಿದಳು.

ಹಿತ್ತಿಲಿಗೆ ಮನೆಯೊಳಗಿಂದ ಹೋದರೆ ಹತ್ತು ಹೆಜ್ಜೆ. ಅವಳು ಸುತ್ತು ಹಾಕಿ ಹೊರಗಿನಿಂದಲೇ ಹೋದಳು. ನಾನು ಒಳಗಿನಿಂದ ಹೋಗಿ ಹಿಂಬಾಗಿಲಲ್ಲಿ ನಿಂತೆ. ನೀರೊಲೆಯ ಮುಂದೆ ಗೋಮತಿ ಸೌದೆ ತಳ್ಳುತ್ತಿದ್ದಳು. ಸುಮಿತಾ ಹಾಳೆಯನ್ನು ನಡುವಿಗೆ ಹರಿದಳು, ಆಮೇಲೆ ಮತ್ತೆ ನಡುವಿಗೆ. ದಪ್ಪ ಕಾಗದ, ಹರಿಯಲು ಬಲ ಬೇಕಾಗುತ್ತಿತ್ತು. ಒಂದೊಂದೇ ತುಂಡನ್ನು ಒಲೆಗೆ ಹಾಕಿ ಅದು ಪೂರ್ತಿ ಹಿಡಿದುಕೊಳ್ಳುವವರೆಗೆ ಕಾಯುತ್ತಿದ್ದಳು. ಗೆರೆ ಒಣಗಲು ಕಾಯುತ್ತಿದ್ದ ಹಾಗೆಯೇ.

“ಏನಿದು, ಯಾಕೆ?” ಎಂದು ಗೋಮತಿ ನನ್ನ ಕಡೆ ತಿರುಗಿದಳು.

“ಒಂದು ಗೆರೆ ತಪ್ಪಿದೆ” ಎಂದೆ.

ಗೋಮತಿ ನನ್ನ ಮುಖವನ್ನೇ ನೋಡುತ್ತ ನಿಂತಳು. ನನಗೆ ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂದು ಈ ಲೋಕದಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಅವಳು ಬಾಯಿ ತೆರೆದಿದ್ದರೆ ಅರ್ಧ ಚಿತ್ರವಾದರೂ ಉಳಿಯುತ್ತಿತ್ತು. ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ಕೊನೆಯ ತುಂಡು ಹೋಗುವವರೆಗೆ ಮೂವರೂ ಅಲ್ಲೇ ನಿಂತಿದ್ದೆವು. ನನಗೆ ಆಗ ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಿತವಾಯಿತು. ಎದೆಯೊಳಗೆ ಎರಡು ತಿಂಗಳಿಂದ ಸಿಕ್ಕಿಕೊಂಡಿದ್ದದ್ದು ಏನೋ ಸಡಿಲವಾಯಿತು.

“ಬರ್ತೇನೆ ಸಾರ್” ಎಂದು ಅವಳು ಕೈ ತೊಳೆದುಕೊಂಡು ಹೋದಳು. ಆ ದಿನ ಆ ಒಲೆಯ ನೀರಿನಲ್ಲೇ ನಾನು ಸ್ನಾನ ಮಾಡಿದೆ.

ಆಮೇಲೆ ಐದಾರು ಭಾನುವಾರ ಅವಳು ಬರಲಿಲ್ಲ. ಕುಯ್ಲು ನಡೆಯುತ್ತಿತ್ತು, ಎಲ್ಲ ಎಸ್ಟೇಟುಗಳಲ್ಲೂ ಭಾನುವಾರವೂ ಕೆಲಸ. ಗೋಮತಿ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಊಟಕ್ಕೆ ಬನ್ನಿ, ಮಾತ್ರೆ ಇಲ್ಲಿದೆ, ಅಷ್ಟೆ. ನಾನು ಕೇಳಲಿಲ್ಲ. ನಲವತ್ತು ವರ್ಷದಿಂದ ನಮ್ಮಲ್ಲಿ ಕೇಳುವ ಅಭ್ಯಾಸವಿಲ್ಲ.

ಜನವರಿಯ ನಡುವೆ ಒಂದು ಮಧ್ಯಾಹ್ನ ಸುಮಿತಾ ಸಣ್ಣ ಹಾಳೆಯೊಂದನ್ನು ಸುತ್ತಿಕೊಂಡು ಬಂದಳು. ದೊಡ್ಡದಕ್ಕೆ ಇನ್ನು ಸಮಯವಿಲ್ಲ, ಅದರ ಬದಲು ಇದನ್ನು ಹಾಕುತ್ತೇನೆ ಎಂದಳು.

“ಎಷ್ಟು ಬಿಂದು?” ಎಂದೆ.

“ಮುನ್ನೂರು ಸಾರ್.”

“ಯಾವುದರಿಂದ ಗುಣಾಕಾರ?”

“ಹನ್ನೊಂದು.”

“ಹಾಗಾದರೆ ಹತ್ತು ಎಲೆ ಬರಬೇಕು.”

“ನೀವೇ ನೋಡಿ ಸಾರ್. ಇವತ್ತೇ ಆದ್ರೆ ಒಳ್ಳೆಯದಿತ್ತು.”

ಅವಳು ವಾಪಸು ಬಂದದ್ದೇ ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ನಾನು ಭೂತಗನ್ನಡಿ ತೆಗೆದುಕೊಂಡು ಅವಳೆದುರೇ ಕೂತೆ. ನನ್ನ ಸಹಿ ಇಲ್ಲದೆ ಇವಳಿಗೆ ಆಗುವುದಿಲ್ಲ ಎಂದು ಮನಸ್ಸು ಒಳಗೇ ಹಿಗ್ಗುತ್ತಿತ್ತು. ಹಿಗ್ಗಿದಾಗ ನಾನು ಉದಾರಿಯಾಗುತ್ತೇನೆ. ಅರ್ಧ ಗಂಟೆ ಹಾಳೆಯ ಮೇಲೆ ಕೈಯಾಡಿಸಿದೆ, ಹನ್ನೊಂದರ ಮಗ್ಗಿ ಗುನುಗಿದೆ.

“ಚೆನ್ನಾಗಿ ಬಂದಿದೆ” ಎಂದೆ. “ಹತ್ತೂ ಎಲೆ ಸ್ಪಷ್ಟವಾಗಿದೆ. ಈ ಬಲಗಡೆಯದ್ದು ಒಂದು ಸ್ವಲ್ಪ ದಪ್ಪ ಕಾಣುತ್ತದೆ. ನಿಬ್ಬು ಸರಿಯಾಗಿ ಒರೆಸಿಲ್ಲ ನೀನು.”

“ಯಾವುದು ಸಾರ್, ಇದಾ?”

“ಅದೇ.”

“ಹತ್ತೂ ಉಂಟಲ್ಲ ಸಾರ್? ಇನ್ನೊಮ್ಮೆ ಎಣಿಸಿ.”

ಬೆರಳಿಟ್ಟು ಎಣಿಸಿದೆ, ಜೋರಾಗಿಯೇ. ಹತ್ತು ಬಂತು. ಅಂಕಿಗಳನ್ನು ಅಳಿಸಿ, ಹಾಳೆ ತಿರುಗಿಸಿ, ‘ಸರಿ’ ಎಂದು ಬರೆದು ಸಹಿ ಹಾಕಿದೆ. ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದಳು, ಬರೆದೆ. ಅವಳು ಹಾಳೆ ಸುತ್ತಿಕೊಂಡು, ಏನೋ ಈಗ ನೆನಪಾದವಳ ಹಾಗೆ, “ನಿಮ್ಮ ಹೆಸರೂ ಹಾಕ್ಲಿಕ್ಕೆ ಹೇಳಿದ್ದೇನೆ ಸಾರ್, ಇದಕ್ಕೆ” ಎಂದಳು. “ನನ್ನ ಹೆಸರಿನ ಪಕ್ಕದಲ್ಲೇ.”

ನಿವೃತ್ತಿಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಗೋಮತಿ ಬಾಗಿಲಲ್ಲಿ ನಿಂತಿದ್ದಳು. ಆ ದಿನ ಸುಮಿತಾ ಕಾಫಿ ಕುಡಿದು ಲೋಟ ತೊಳೆಯಲು ನಲ್ಲಿಗೆ ಹೋಗಲಿಲ್ಲ. ಗೋಮತಿಯೇ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ನನಗೆ ವಿಚಿತ್ರ ಅನ್ನಿಸಿತು, ಆದರೆ ಆ ಸಂತೋಷದಲ್ಲಿ ಅದು ದೊಡ್ಡ ವಿಷಯವಾಗಲಿಲ್ಲ.

ಪ್ರದರ್ಶನದ ದಿನ ನನ್ನ ತಮ್ಮನ ಮಗ ಶಿಶಿರ್ ಕಾರು ತಂದ. ನಾನು ರೇಷ್ಮೆ ಅಂಚಿನ ಪಂಚೆ ಉಟ್ಟು, ನಿವೃತ್ತಿಯ ದಿನ ಹೊದಿಸಿದ್ದ ಶಾಲು ಹೊದ್ದೆ. ಗೊತ್ತಿದ್ದವರಿಗೆಲ್ಲ ಫೋನು ಮಾಡಿ ಹೇಳಿದ್ದೆ. ಜೊತೆಗೆ ಕೆಲಸ ಮಾಡಿದ ಮೇಷ್ಟ್ರುಗಳು, ಮಡಿಕೇರಿಯ ನೆಂಟರು, ಈಗ ವಕೀಲರೋ ಅಧಿಕಾರಿಗಳೋ ಆಗಿರುವ ಹಳೆಯ ವಿದ್ಯಾರ್ಥಿಗಳು. ಹಾಲ್ ಮಹಡಿಯಲ್ಲಿತ್ತು. ಕಾರಿನಿಂದ ಇಳಿಯುತ್ತಲೇ ಇಬ್ಬರು ಹಳೆಯ ಹುಡುಗರು ಎರಡೂ ಕಡೆ ತೋಳು ಹಿಡಿದು ಮಾತಾಡಿಸುತ್ತ ಮೇಲೆ ಕರೆದುಕೊಂಡು ಹೋದರು. ಮೆಟ್ಟಿಲು ಎಣಿಸುವ ಗೊಡವೆಯೇ ಇರಲಿಲ್ಲ.

ಒಳಗೆ ಜನ ಚೆನ್ನಾಗಿ ಸೇರಿದ್ದರು. ಹಾಲಿನ ನಡುವೆ, ಗೋಡೆಗಲ್ಲದೆ, ಮಾಡಿನಿಂದ ಎರಡು ದಾರದಲ್ಲಿ ಒಂದು ಹಾಳೆ ಇಳಿಬಿಟ್ಟಿದ್ದರು. ಎರಡೂ ಕಡೆಯಿಂದ ನೋಡಬಹುದು. ಅದರ ಸುತ್ತಲೇ ಎಲ್ಲರೂ ನಿಂತಿದ್ದರು. ನಾನು ಹತ್ತಿರ ಹೋದಾಗ ಮಾತು ನಿಂತಿತು. ಗೌರವಕ್ಕೆ ನಿಂತಿತು ಎಂದುಕೊಂಡೆ.

“ಚೀಟಿ ಓದು” ಎಂದೆ ಗೋಮತಿಗೆ, ಕಿವಿಯ ಹತ್ತಿರ.

ಅವಳು ಮೆಲ್ಲಗೆ ಓದಲಿಲ್ಲ. ಹಾಲಿಗೆಲ್ಲ ಕೇಳುವ ಹಾಗೆ ಓದಿದಳು. “ಚಿತ್ರದ ಹೆಸರು, ಸರಿ. ಕಲಾವಿದರು, ಸುಮಿತಾ ಮತ್ತು ತಿಮ್ಮಪ್ಪಯ್ಯ. ಮುನ್ನೂರು ಗೆರೆಗಳು. ಪಟ್ಟಿ ಇಟ್ಟು, ಕಣ್ಣು ಮುಚ್ಚಿಕೊಂಡು ಎಳೆದದ್ದು. ಇದರಲ್ಲಿ ಯಾವ ನಿಯಮವೂ ಇಲ್ಲ, ಎಲೆಯೂ ಇಲ್ಲ. ಪರೀಕ್ಷೆ ಮಾಡಿ, ಹತ್ತು ಎಲೆ ಎಣಿಸಿ, ಬೆನ್ನಿಗೆ ಸರಿ ಎಂದು ಸಹಿ ಮಾಡಿದವರು ನನ್ನ ಗಣಿತದ ಮೇಷ್ಟ್ರು.”

ಯಾರೋ ಕೆಮ್ಮಿದರು. ಶಿಶಿರ್ “ದೊಡ್ಡಪ್ಪ, ಹೋಗುವ” ಎಂದ. ಗೋಮತಿ ನನ್ನ ಮೊಣಕೈ ಹಿಡಿದು ಎದುರಿನ ಗೋಡೆಯ ಕಡೆ ತಿರುಗಿಸಿದಳು. ಅಲ್ಲಿ ಬೂದು ಮೋಡದಂಥದ್ದು ಏನೋ ಇತ್ತು, ದೊಡ್ಡದು. ಅದು ಯಾವುದೆಂದು ಓದುವ ಮೊದಲೇ ನನಗೆ ತಿಳಿಯಿತು.

“ಇದು ಫೋಟೋ” ಎಂದು ಅವಳು ಓದಿದಳು. “ಮೂಲ ಚಿತ್ರವನ್ನು ತಪ್ಪೆಂದು ಸುಡಲಾಗಿದೆ. ಆರುನೂರ ಹದಿನಾಲ್ಕನೆಯ ಗೆರೆ ಎಲ್ಲಿಗೆ ಹೋಗಿದೆ ಎಂದು ನೀವೇ ನೋಡಬಹುದು. ಭೂತಗನ್ನಡಿ ಪಕ್ಕದಲ್ಲಿದೆ.”

ಜನ ಸಾಲು ನಿಂತು ನೋಡುತ್ತಿದ್ದರು. ನನ್ನ ಹಳೆಯ ಹುಡುಗರೇ ಒಬ್ಬರಾದ ಮೇಲೊಬ್ಬರು ಬಗ್ಗಿ, ಗೆರೆಯ ಮೇಲೆ ಬೆರಳು ಜಾರಿಸಿ, ಇನ್ನೂರ ಅರುವತ್ತೆರಡು ಎನ್ನುತ್ತಿದ್ದರು. ಇನ್ನೂರ ಅರುವತ್ತೆರಡು. ಹೌದು, ಅರುವತ್ತೆರಡೇ. ಅವರಿಗೆಲ್ಲ ಮಗ್ಗಿ ಕಲಿಸಿದವನು ನಾನು. ಎಲ್ಲರ ಉತ್ತರವೂ ಸರಿಯಾಗಿತ್ತು.

ಸುಮಿತಾ ಬಂದು ಎದುರು ನಿಂತಳು. ಹೊಸ ಸೀರೆ ಉಟ್ಟಿದ್ದಳು ಅನ್ನಿಸುತ್ತದೆ, ಸದ್ದು ಹಾಗಿತ್ತು.

“ನನಗೆ ಕಣ್ಣು ಕಾಣುವುದಿಲ್ಲ ಸುಮಿತಾ” ಎಂದೆ. ಅದನ್ನು ಹೇಳಿದರೆ ಏನೋ ಆಗುತ್ತದೆ ಎಂದುಕೊಂಡಿದ್ದೆ.

“ಗೊತ್ತುಂಟು ಸಾರ್. ಸುಟ್ಟ ಮರುದಿನವೇ ಗೋಮತಿ ಅಮ್ಮ ಲೈನಿಗೆ ಬಂದು ಹೇಳಿದ್ರು. ಆಮೇಲೆ ಫೋಟೋದಲ್ಲಿ ನೋಡಿದೆ.”

ಗೋಮತಿ ಲೈನಿಗೆ ಹೋಗಿದ್ದಳು. ನಮ್ಮ ಮನೆಯವರು ಯಾರೂ ಕಾಲಿಡದ ಕಡೆ, ಒಬ್ಬಳೇ ನಡೆದುಕೊಂಡು. ಅವಳು ಪಕ್ಕದಲ್ಲೇ ನಿಂತಿದ್ದಳು.

“ಒಂದು ಕೇಳ್ಲಿಕ್ಕೆ ಉಂಟು ಸಾರ್” ಎಂದಳು ಸುಮಿತಾ. “ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅಂತ ಹೇಳ್ಬಹುದಿತ್ತು. ಸಾವಿರದ ಎಂಟು ಗೆರೆಯಲ್ಲಿ ಆರುನೂರ ಹದಿನಾಲ್ಕೇ ಯಾಕೆ? ಎರಡು ತಿಂಗಳಿಂದ ಯೋಚನೆ ಮಾಡ್ತಾ ಇದ್ದೇನೆ. ಆ ಗೆರೆ ಎಳೆದ ದಿನ ನಾನು ಎಂತಾದ್ರೂ ಹೇಳಿದ್ನಾ, ತಪ್ಪು ಮಾಡಿದ್ನಾ ಅಂತ.”

ಅವಳಿಗೆ ಕೊಡಲು ನನ್ನ ಹತ್ತಿರ ಒಂದು ಕಾರಣ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಕೆಟ್ಟದ್ದಾದರೂ ಆಗಬಹುದಿತ್ತು. ಹುಡುಕಿದೆ, ಇರಲಿಲ್ಲ.

“ಬಾಯಿಗೆ ಬಂತು” ಎಂದೆ. “ಹೇಳಿದೆ.”

“ಅಷ್ಟೇನಾ” ಎಂದಳು. ಇನ್ನೇನೋ ಕೇಳುತ್ತಾಳೆಂದು ನಾನು ಕಾದೆ. ಅವಳು ಚಿತ್ರ ನೋಡುತ್ತಿದ್ದವರ ಕಡೆ ಹೋಗಿ, ಏಳರಿಂದ ಗುಣಿಸಿದರೆ ಆರು ಎಲೆ ಹೇಗೆ ಬರುತ್ತದೆ ಎಂದು ಅವರಿಗೆ ವಿವರಿಸತೊಡಗಿದಳು. ಚೆನ್ನಾಗಿ ವಿವರಿಸುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದಕ್ಕಿಂತ ಸುಲಭವಾಗಿತ್ತು.

ಹೊರಡುವಾಗ ನನ್ನ ತೋಳು ಹಿಡಿಯಲು ಯಾರೂ ಬರಲಿಲ್ಲ. ಶಿಶಿರ್ ಕಾರು ತರುತ್ತೇನೆಂದು ಮೊದಲೇ ಇಳಿದು ಹೋಗಿದ್ದ. ಮೆಟ್ಟಿಲ ತುದಿಗೆ ಬಂದು ನಿಂತೆ. ಕೆಳಗೆ ರಸ್ತೆಯಲ್ಲಿ ನಮ್ಮ ಮಡಿಕೇರಿಯ ನೆಂಟರು, ಜೊತೆಯ ಮೇಷ್ಟ್ರುಗಳು ಗುಂಪಾಗಿ ನಿಂತು ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಅವರ ಮುಂದೆ ನೆಟ್ಟಗೆ ಇಳಿದು ಹೋಗಬೇಕು, ಅಷ್ಟಾದರೂ ಉಳಿಯಲಿ ಎಂದುಕೊಂಡೆ. ಗೋಮತಿ ನನ್ನ ಹಿಂದೆ ಇದ್ದಳು.

“ಎಷ್ಟು?” ಎಂದೆ ಮೆಲ್ಲಗೆ.

“ಹನ್ನೊಂದು” ಎಂದಳು.

ಎಣಿಸಿಕೊಂಡು ಇಳಿದೆ. ತಲೆ ಎತ್ತಿ, ಶಾಲು ಸರಿಮಾಡಿಕೊಂಡು, ಒಂಬತ್ತು, ಹತ್ತು, ಹನ್ನೊಂದು. ನೆಲ ಬಂತೆಂದು ದೊಡ್ಡ ಹೆಜ್ಜೆ ಇಟ್ಟೆ. ಇದ್ದದ್ದು ಹನ್ನೆರಡು. ಮೊಣಕಾಲೂರಿ, ಅಂಗೈ ಊರಿ, ಎಲ್ಲರ ಕಾಲ ಬುಡದಲ್ಲಿ ಬಿದ್ದೆ. ಕನ್ನಡಕ ಎಲ್ಲೋ ಹೋಯಿತು. ಯಾರೂ ನಗಲಿಲ್ಲ.

ಗೋಮತಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಅವಸರ ಮಾಡಲಿಲ್ಲ. ನನ್ನ ಪಕ್ಕ ಬಂದು ನಿಂತು ಕನ್ನಡಕ ಎತ್ತಿ ಕೈಗೆ ಕೊಟ್ಟಳು.

“ಹನ್ನೆರಡಿತ್ತಲ್ಲ” ಎಂದೆ.

“ಬಾಯಿಗೆ ಬಂತು” ಎಂದಳು. “ಹೇಳಿದೆ.”